ಮುಂಜಾನೆಯ ನಿದ್ದೆ

"ಅವನು ಇಸ್ಲಾಮಿಗಾಗಿ ಸತ್ತನಾ, ಕೇಳಿ" ಎಂದ ಲಂಡನ್ನಿನ ಪತ್ರಕರ್ತ ಹ್ಯಾಲೋವೇ. ಪೆನ್ನಿನ ತುದಿ ಆಗಲೇ ಕಾಗದವನ್ನು ಮುಟ್ಟಿತ್ತು.

ಶಂಸಿ ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ಎದುರಿಗೆ, ಕೆಂಡದ ಮೇಲಿಟ್ಟ ಗಿಡ್ಡ ಮೇಜು ಕೊರ್ಸಿಗೆ ಹೊದಿಸಿದ ರಜಾಯಿಯೊಳಗೆ ಕಾಲು ಚಾಚಿ ಬತೂಲ್ ಖಾನುಮ್ ಕೂತಿದ್ದಳು. ಮಗನನ್ನು ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ಗಂಟಲು ಪೂರ್ತಿ ಒಡೆದುಹೋಗಿ, ಮಾತಾಡಿದರೆ ಒಣ ಎಲೆ ತುಳಿದ ಹಾಗೆ ಕೇಳುತ್ತಿತ್ತು. ಮೈಮೇಲೆ ಮನೆಯಲ್ಲಿ ಹೊದೆಯುವ, ನೀಲಿ ಹೂವಿನ ಬಿಳಿ ಚಾದರ. ಫರಂಗಿ ಬರುತ್ತಾನೆಂದು ಯಾರೋ ಕರಿ ಚಾದರ ತಂದುಕೊಟ್ಟಿದ್ದರು. ಅದು ಮಡಿಸಿದಂತೆಯೇ ಮೂಲೆಯಲ್ಲಿತ್ತು.

ಶಂಸಿ ಪ್ರಶ್ನೆಯನ್ನು ಫಾರ್ಸಿಯಲ್ಲಿ ಹೇಳಿದಳು.

"ಮುಸಲ್ಮಾನ ಅಲ್ವೇನೇ ಅವನು?" ಎಂದಳು ಬತೂಲ್ ಖಾನುಮ್. "ಮತ್ತೇನಾಗಿ ಸಾಯ್ತಾನೆ?"

ಶಂಸಿ ಅದನ್ನು ಇಂಗ್ಲಿಷಿಗೆ ತಂದಳು. ಒಂದು ಪದವನ್ನೂ ಬಿಡಲಿಲ್ಲ. ಆದರೂ ಹ್ಯಾಲೋವೇ ತಲೆಯಾಡಿಸಿ ಬರೆದುಕೊಂಡ ರೀತಿ ನೋಡಿದರೆ, ಈ ಮನೆಯಲ್ಲಿ ಆಡಿದ ಮಾತು ಒಂದು, ಅವನ ಕಿವಿಗೆ ಬಿದ್ದದ್ದು ಇನ್ನೊಂದು ಅನ್ನಿಸಿತು.

"ಮೆರವಣಿಗೆಗೆ ಯಾಕೆ ಹೋದ?"

"ಗೆಳೆಯ ಹಬೀಬ ಹೋದ, ಇವನೂ ಹೋದ. ಮಾಲೀಕ ಅಂಗಡಿ ಮುಚ್ಚಿದ್ದ. ಕೋಪ ಬೇರೆ ಇತ್ತು."

"ಯಾರ ಮೇಲೆ ಕೋಪ?"

ಬತೂಲ್ ಖಾನುಮ್ ಹ್ಯಾಲೋವೇಯನ್ನು ಮೊದಲ ಸಲ ನೇರವಾಗಿ ನೋಡಿದಳು. "ಯಾರಿಗಿಲ್ಲಪ್ಪಾ ಕೋಪ? ನಿಮ್ಮೂರಲ್ಲಿ ಎಲ್ಲಾ ಖುಷಿಯಾಗೇ ಇದ್ದಾರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಶಂಸಿಯತ್ತ ತಿರುಗಿದಳು. "ಚಹಾ ತಣ್ಣಗಾಗ್ತಿದೆ, ಕುಡಿಯೋಕೆ ಹೇಳು."

ಹ್ಯಾಲೋವೇ ಸಕ್ಕರೆಯ ತುಂಡನ್ನು ಲೋಟದೊಳಗೇ ಹಾಕಿ ಕಲಕಿದ. ಆಮೇಲೆ, ಹುಡುಗ ತುಂಬಾ ದೈವಭಕ್ತನೇ, ದಿನವೂ ನಮಾಜು ಮಾಡುತ್ತಿದ್ದನೇ ಎಂದು ಕೇಳಿದ.

ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ಆ ತಾಯಿಯ ತುಟಿಯಂಚು ಸಡಿಲವಾಯಿತು. "ಮಾಡ್ತಿದ್ದ, ಮಾಡ್ತಿದ್ದ. ಆದ್ರೆ ಮುಂಜಾನೆದು? ಅಯ್ಯೋ, ಎಬ್ಬಿಸೋದ್ರಲ್ಲಿ ನನ್ನ ಜೀವ ಹೋಗ್ತಿತ್ತು. ಕೈ ಒದ್ದೆ ಮಾಡಿಕೊಂಡು ಮುಖಕ್ಕೆ ಚಿಮುಕಿಸ್ತಿದ್ದೆ. ಅಮ್ಮಾ, ದೇವರು ಕರುಣಾಮಯಿ, ಇನ್ನೊಂದೇ ಒಂದು ಗಳಿಗೆ ಅನ್ನೋನು. ಆ ಕಡೆ ಹೊರಳಿ ಮತ್ತೆ ಗೊರಕೆ." ಅವಳ ಕೈ ರಜಾಯಿಯ ಅಂಚನ್ನು ಹಿಡಿದು ಸರಿಮಾಡಿತು, ಕೆಳಗೆ ಯಾರೋ ಮಲಗಿರುವ ಹಾಗೆ. "ಸೂರ್ಯ ಬಂದ್ಮೇಲೆ ಎದ್ದು, ಯಾಕೆ ಎಬ್ಬಿಸಲಿಲ್ಲ ಅಂತ ನನ್ನ ಮೇಲೇ ರೇಗೋನು."

ಶಂಸಿ ಇದನ್ನೂ ಹೇಳಿದಳು. ಹ್ಯಾಲೋವೇ ಸಭ್ಯವಾಗಿ ನಕ್ಕು ಬರೆದುಕೊಂಡ.

ಶಂಸಿಯ ಕೆಲಸ ದುಭಾಷಿಯದಲ್ಲ. ಉತ್ತರ ತೆಹರಾನಿನ ಒಂದು ದೊಡ್ಡ ಹೊಟೇಲಿನಲ್ಲಿ ಅವಳು ಹನ್ನೊಂದು ವರ್ಷದಿಂದ ಟೆಲೆಕ್ಸ್ ಯಂತ್ರದ ಮುಂದೆ ಕೂರುತ್ತಿದ್ದಳು. ಮೊದಲೆಲ್ಲ ಕಾರ್ಪೆಟ್ ವ್ಯಾಪಾರಿಗಳು, ತೈಲ ಕಂಪನಿಯವರು ಬರುತ್ತಿದ್ದರು. ಈ ಚಳಿಗಾಲದಲ್ಲಿ ಬರೀ ಪತ್ರಕರ್ತರು. ಅವರು ಕೊಟ್ಟ ಹಾಳೆಯನ್ನು ಅವಳು ಟೈಪು ಮಾಡಿದಂತೆ ಹಳದಿ ಪಟ್ಟಿಯೊಂದರಲ್ಲಿ ತೂತುಗಳು ಬೀಳುತ್ತಿದ್ದವು. ಆ ಪಟ್ಟಿಯನ್ನು ಯಂತ್ರಕ್ಕೆ ಉಣಿಸಿದರೆ ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ಅದೇ ಅಕ್ಷರಗಳು ಮೂಡುತ್ತಿದ್ದವು. ಒಬ್ಬ ಈ ದಂಗೆಯೆಲ್ಲ ಮುಲ್ಲಾಗಳ ಆಟ ಎಂದು ಬರೆಯುತ್ತಿದ್ದ. ಇನ್ನೊಬ್ಬನಿಗೆ ಹಿಂದೆ ನಿಂತು ದಾರ ಎಳೆಯುವ ಕಮ್ಯುನಿಸ್ಟರು ಕಾಣುತ್ತಿದ್ದರು. ಮೂರನೆಯವನ ಪ್ರಕಾರ ಎಲ್ಲವೂ ಗೋಧಿಯ ಬೆಲೆ, ಮನೆ ಬಾಡಿಗೆ. ಉದ್ದ ಕೂದಲಿನ ಒಬ್ಬ ಪ್ರೊಫೆಸರ್ ಮಾತ್ರ, ಯುರೋಪು ಕಳೆದುಕೊಂಡ ಆತ್ಮ ಈ ಜನರ ಬೀದಿಗಳಲ್ಲಿ ಓಡಾಡುತ್ತಿದೆ ಎಂದು ಏಳು ಹಾಳೆ ಕೊಟ್ಟಿದ್ದ. ನಾಲ್ವರೂ ಒಂದೇ ಊಟದ ಮನೆಯಲ್ಲಿ, ಒಂದೇ ಕಿಟಕಿಯ ಪಕ್ಕ ಕೂತು ಬರೆದವರು. ಶಂಸಿ ನಾಲ್ಕನ್ನೂ ಕಾಗುಣಿತ ತಪ್ಪದೆ ಕಳಿಸಿದ್ದಳು. ಮೊಹರಮ್ಮಿನ ಹತ್ತನೇ ದಿನ, ಆಶೂರಾದಂದು, ರಾಜನ ವಿರುದ್ಧದ ಮೆರವಣಿಗೆಯಲ್ಲಿ ಅವಳೂ ಲಕ್ಷಾಂತರ ಜನರ ನಡುವೆ ನಡೆದಿದ್ದಳು. ಯಾಕೆ ನಡೆದೆ ಎಂದು ಅವರಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದಳೋ ಅವಳಿಗೂ ಗೊತ್ತಿರಲಿಲ್ಲ.

ಆ ಬೆಳಿಗ್ಗೆ ಹ್ಯಾಲೋವೇಯ ದುಭಾಷಿ ವಿದ್ಯಾರ್ಥಿ ಬಂದಿರಲಿಲ್ಲ. ಎರಡು ಗಂಟೆ ಜೊತೆಗೆ ಬರುವಿರಾ, ಗುಂಡೇಟಿಗೆ ಸತ್ತ ಒಬ್ಬ ಹುಡುಗನ ಮನೆ, ಎಂದು ಅವಳ ಕೋಣೆಗೆ ಬಂದು ಕೇಳಿದ. ಬೀದಿಯ ಹೆಸರು ಹೇಳಿದ. ಅದು ಅವಳದೇ ಬೀದಿ. ಸತ್ತವನು ಮೂರನೇ ಮನೆಯ ಯದುಲ್ಲಾ, ಚಹಾ ಕಾಯಿಸುವ ಸಮೋವರ್‌ಗಳಿಗೆ ಕಲಾಯಿ ಹಾಕುತ್ತಿದ್ದವನು, ಹತ್ತೊಂಬತ್ತು ವರ್ಷದವನು. ತಾನು ಹೋಗದಿದ್ದರೆ ಯಾರೋ ಗುರುತಿಲ್ಲದವರು ಹೋಗುತ್ತಾರೆ ಎಂದುಕೊಂಡು ಶಂಸಿ ಕೋಟು ಹಾಕಿಕೊಂಡಳು. ಕಾರು ಬೀದಿಯ ತಿರುವಿಗೆ ಬಂದಾಗ ಕೈಚೀಲದಿಂದ ಚಾದರ ತೆಗೆದು ತಲೆಗೆ ಹೊದ್ದಳು.

"ಈ ಮುಲ್ಲಾಗಳು ಗೆದ್ದರೆ ಅದನ್ನು ದಿನವಿಡೀ ಹೊದೆಯಬೇಕಾಗುತ್ತೆ. ಭಯ ಆಗಲ್ವಾ?" ಎಂದು ಹ್ಯಾಲೋವೇ ಕೇಳಿದ್ದ.

"ಸದ್ಯಕ್ಕೆ ಚಳಿ ಇದೆ" ಎಂದಿದ್ದಳು ಶಂಸಿ.

ಮಧ್ಯಾಹ್ನ ಮೂರಕ್ಕೆ ಹ್ಯಾಲೋವೇ ಎರಡು ಹಾಳೆ ತಂದು ಅವಳ ಮೇಜಿನ ಮೇಲಿಟ್ಟ. ಮಂತ್ರಿಯೊಬ್ಬರ ಪತ್ರಿಕಾ ಗೋಷ್ಠಿಗೆ ತಡವಾಗಿತ್ತು, ನಿಲ್ಲದೆ ಹೋದ. ಅವನು ಕೆಟ್ಟವನಲ್ಲ. ಬೆಳಿಗ್ಗೆ ಬತೂಲ್ ಖಾನುಮ್‌ಳ ಹೊಸ್ತಿಲಲ್ಲಿ ಶೂ ಬಿಚ್ಚಿದ್ದ, ಹೊರಡುವಾಗ ಎದೆಯ ಮೇಲೆ ಕೈಯಿಟ್ಟು ಬಾಗಿದ್ದ.

ಶಂಸಿ ಟೈಪು ಮಾಡುತ್ತಾ ಹೋದಳು. ಮೊದಲ ಹಾಳೆ ಸರಾಗವಾಗಿ ಮುಗಿಯಿತು. ಎರಡನೆಯದರ ಮಧ್ಯದಲ್ಲಿ ಬೆರಳು ನಿಂತಿತು. 'ಕರಿ ಚಾದರದಲ್ಲಿ ಕಲ್ಲಿನಂತೆ ಕುಳಿತಿದ್ದ ತಾಯಿ ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಅವನು ಮುಸಲ್ಮಾನನಾಗಿ ಸತ್ತ ಎಂದಷ್ಟೇ ಹೇಳಿದಳು. ಈ ಜನಕ್ಕೆ ಸಾವೆಂದರೆ ಭಯವಲ್ಲ, ಬಯಕೆ.'

ಹಾಳೆಯನ್ನು ತಿರುವಿ ನೋಡಿದಳು. ನಿದ್ದೆಯ ಮಾತು ಎಲ್ಲೂ ಇರಲಿಲ್ಲ.

ಹನ್ನೊಂದು ವರ್ಷದಲ್ಲಿ ಅವಳು ಇನ್ನೊಬ್ಬರ ಒಂದು ಅಲ್ಪವಿರಾಮವನ್ನೂ ಮುಟ್ಟಿದವಳಲ್ಲ. ಎದ್ದುಹೋಗಿ ಕಿಟಕಿಯ ಹತ್ತಿರ ನಿಂತಳು. ಕೆಳಗೆ ತೋಟದ ಕೊಳದ ನೀರು ಹೆಪ್ಪುಗಟ್ಟಿತ್ತು. ಹಿಂದಿರುಗಿ ಬಂದು ಆ ಮೂರು ಸಾಲುಗಳನ್ನು ಬಿಟ್ಟು, ಅವುಗಳ ಜಾಗದಲ್ಲಿ ಹೀಗೆ ಹಾಕಿದಳು: 'ತಾಯಿ ಹೇಳುತ್ತಾಳೆ: ಅವನು ಮುಂಜಾನೆಯ ನಮಾಜಿಗೆ ಏಳುತ್ತಿರಲಿಲ್ಲ. ಒದ್ದೆ ಕೈಯಿಂದ ಮುಖಕ್ಕೆ ನೀರು ಚಿಮುಕಿಸಿದರೆ, ದೇವರು ಕರುಣಾಮಯಿ ಅಮ್ಮಾ, ಇನ್ನೊಂದು ಗಳಿಗೆ, ಎಂದು ಮತ್ತೆ ನಿದ್ದೆ ಹೋಗುತ್ತಿದ್ದ.' ಉಳಿದದ್ದನ್ನು ಇದ್ದಂತೆ ಹೊಡೆದು, ಪಟ್ಟಿಯನ್ನು ಯಂತ್ರಕ್ಕೆ ಕೊಟ್ಟಳು. ಅದು ಗಡಗಡನೆ ಓಡಿ ಮುಗಿಯಿತು.

ಮರುದಿನ ಬೆಳಿಗ್ಗೆ ಲಂಡನ್ನಿನಿಂದ ಹ್ಯಾಲೋವೇಗೆ ಒಂದು ಸಾಲು ಬಂತು. 'ನಿದ್ದೆಯ ಹುಡುಗ ಬಹಳ ಚೆನ್ನಾಗಿದ್ದಾನೆ. ಇಂಥವು ಇನ್ನೂ ಬೇಕು.' ಶಂಸಿ ಅದನ್ನು ಹರಿದು, ನಿನ್ನೆಯ ಪ್ರತಿಯ ಜೊತೆಗೆ ಸೇರಿಸಿ ಅವನ ಕೈಗೆ ತಾನೇ ಕೊಟ್ಟಳು. ಅವನು ನಿಂತಲ್ಲೇ ಎರಡನ್ನೂ ಓದಿದ. ಬಾಗಿಲು ಮುಚ್ಚಿದ.

"ಇದು ನಾನು ಬರೆದದ್ದಲ್ಲ."

"ಆಕೆ ಹೇಳಿದ್ದು. ನಿಮ್ಮ ಟಿಪ್ಪಣಿ ಪುಸ್ತಕದಲ್ಲೂ ಇದೆ."

"ನೀವು ನನ್ನ ಹೆಸರಿನ ಕೆಳಗೆ ಬರೆದಿದ್ದೀರಿ." ಅವನ ದನಿ ಏರಲಿಲ್ಲ. "ಕೆಳಗೆ ಮ್ಯಾನೇಜರ್ ಹತ್ರ ಒಂದು ಮಾತು ಹೇಳಿದರೆ ಸಾಕು, ಗೊತ್ತಲ್ಲ?"

"ಗೊತ್ತು."

ಅವನು ಕುರ್ಚಿಯ ತೋಳಿನ ಮೇಲೆ ಕೂತ. ಐವತ್ತೈದರ ಗಂಡಸು, ಮೂರು ಯುದ್ಧ ನೋಡಿದವನು, ಈ ದೇಶಕ್ಕೆ ಬಂದು ಹದಿನಾರು ದಿನ. "ಆದರೆ ಆಕೆ ನಿಜವಾಗಿಯೂ ಅಳಲಿಲ್ಲ. ಅದನ್ನು ನಾನು ಸೃಷ್ಟಿಸಲಿಲ್ಲ."

"ನೀವು ಬಂದದ್ದು ನಾಲ್ಕನೇ ದಿನ" ಎಂದಳು ಶಂಸಿ.

ಹ್ಯಾಲೋವೇ ಕುರ್ಚಿಯಿಂದ ಎದ್ದ. ಲಂಡನ್ನಿನ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ. "ನಾಳೆ ಇನ್ನೊಂದು ಮನೆಗೆ ಹೋಗುತ್ತಿದ್ದೇನೆ. ಬರುತ್ತೀರಾ?"

"ಇಲ್ಲ" ಎಂದಳು ಶಂಸಿ. ಅವನು ಮ್ಯಾನೇಜರ್ ಹತ್ತಿರ ಹೋಗಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಅವಳ ಮನಸ್ಸು ಹಗುರವಾಗಿತ್ತು. ಒಂದು ನಿಜವನ್ನಾದರೂ ಕಳಿಸಿದೆ ಎಂಬ ಸಣ್ಣ ಹೆಮ್ಮೆಯೂ ಇತ್ತು.

ಬೀದಿಯ ಬಾಯಲ್ಲಿ ಯದುಲ್ಲಾನಿಗಾಗಿ ನಿಲ್ಲಿಸಿದ ಹಜ್ಲೆಯ ಕನ್ನಡಿಗಳು, ಬಣ್ಣದ ಗರಿಗಳು, ನಡುವೆ ಅವನ ಫೋಟೊ. ಮದುವೆಯಾಗದೆ ಹೋದ ಹುಡುಗನಿಗೆ ಅದೇ ಮದುವೆಯ ಮಂಟಪ. ಅದರ ಎದುರಿನ ಮಶ್ ರಹೀಮನ ಕಿರಾಣಿ ಅಂಗಡಿಯಲ್ಲಿ ಸಂಜೆ ಎಂದಿನಂತೆ ಜನ ಸೇರಿ ವಿದೇಶಿ ರೇಡಿಯೋದ ಫಾರ್ಸಿ ವಾರ್ತೆ ಕೇಳುತ್ತಿದ್ದರು. ಇಲ್ಲಿ ಪತ್ರಿಕೆಗಳ ಮುಷ್ಕರ ನಡೆದಿತ್ತು. ತಮ್ಮ ಊರಿನ ಸುದ್ದಿ ಆ ದಾರಿಯಿಂದಲೇ ಬರಬೇಕಿತ್ತು.

"ಬನ್ನಿ ಶಂಸಿ ಖಾನುಮ್, ಬನ್ನಿ" ಎಂದ ಮಶ್ ರಹೀಮ, ಬಟಾಣಿ ಚೀಲ ಸರಿಸಿ ಜಾಗ ಮಾಡುತ್ತಾ. "ನಿಮ್ಮ ಸಾಹೇಬರು ಇವತ್ತು ನಮ್ಮನ್ನ ಏನು ಮಾಡಿದ್ರು? ರಷ್ಯನ್ನರನ್ನಾಗಿಯೋ, ಮುಲ್ಲಾಗಳನ್ನಾಗಿಯೋ?"

ಜನ ನಕ್ಕರು. ರೇಡಿಯೋ ಕರಕರ ಎಂದಿತು, ವಾರ್ತೆಯ ದನಿ ಹತ್ತಿರ ಬಂತು: ಬ್ರಿಟನ್ನಿನ ಪತ್ರಿಕೆಗಳಲ್ಲಿ ಇಂದು. ತೆಹರಾನಿನ ಹತ್ತೊಂಬತ್ತು ವರ್ಷದ ಕಲಾಯಿ ಕೆಲಸಗಾರ ಯದುಲ್ಲಾ. ಮುಂಜಾನೆಯ ನಮಾಜಿಗೆ ಎಂದೂ ಏಳದ ಮಗನನ್ನು ಎಬ್ಬಿಸಲು ತಾಯಿ ಹೂಜಿಗಟ್ಟಲೆ ನೀರು ಸುರಿಯಬೇಕಾಗುತ್ತಿತ್ತು ಎಂದು ವರದಿಗಾರರು ಬರೆಯುತ್ತಾರೆ.

ಯಾರೂ ನಗಲಿಲ್ಲ. ಅಂಗಡಿಯ ಕಂಬಕ್ಕೆ ಒರಗಿ ಹಬೀಬ ನಿಂತಿದ್ದ. ಯದುಲ್ಲಾನನ್ನು ಚೌಕದಿಂದ ಆಸ್ಪತ್ರೆಗೆ ಹೆಗಲ ಮೇಲೆ ಹೊತ್ತೊಯ್ದವನು ಅವನೇ. ಆ ದಿನದ ಜಾಕೀಟನ್ನು ಅವನಿನ್ನೂ ಒಗೆಯಲು ಕೊಟ್ಟಿರಲಿಲ್ಲ. ಅವನು ಶಂಸಿಯನ್ನು ನೋಡಿದ, ಹೊರಗೆ ಹೋದ.

ಮರುದಿನದ ಹೊತ್ತಿಗೆ ಮಾತು ಬೀದಿ ದಾಟಿತ್ತು. ರೊಟ್ಟಿ ಅಂಗಡಿಯ ಒಲೆಯ ಹತ್ತಿರ ಶಂಸಿ ನಿಂತಾಗ ಹಿಂದಿನಿಂದ ಯಾವುದೋ ಹೆಂಗಸು, "ಮೇಲಿನ ಮಸೀದಿಯವರು ನಮ್ಮ ಹುಡುಗನಿಗೆ ಹೆಸರಿಟ್ಟಿದ್ದಾರಂತೆ, ಮಲಗಿದ ಶಹೀದ ಅಂತ" ಎಂದಳು. ಇನ್ನೊಬ್ಬಳು, "ಹೆತ್ತವಳಿಗಾದ್ರೂ ಬುದ್ಧಿ ಬೇಡ್ವಾ? ಫರಂಗಿ ಮುಂದೆ ಹೇಳೋ ಮಾತಾ ಅದು?" ಎಂದಳು. ಶಂಸಿ ಬಿಸಿ ರೊಟ್ಟಿಯನ್ನು ತೋಳಿನ ಮೇಲೆ ಹಾಕಿಕೊಂಡು ಬಂದಳು. ಮನೆಗೆ ಬಂದ ಮೇಲೆ ತಿನ್ನಲಾಗಲಿಲ್ಲ.

ಏಳನೇ ದಿನದ ಮಧ್ಯಾಹ್ನ ಬತೂಲ್ ಖಾನುಮ್‌ಳ ಮನೆ ತುಂಬಿತ್ತು. ಒಳಗೆ ಹೆಂಗಸರು, ಅಂಗಳದಲ್ಲಿ ಗಂಡಸರು. ಹಲ್ವಾದ ಮೇಲೆ ಚಮಚದ ತುದಿಯಿಂದ ಗೆರೆ ಹಾಕುತ್ತಾ ಶಂಸಿ ಅಡುಗೆಮನೆಯ ಬಾಗಿಲಲ್ಲೇ ಉಳಿದಳು. ಆ ಸಾಲು ತನ್ನದೆಂದು ಇಂದಾದರೂ ಹೇಳಿಬಿಡಬೇಕೆಂದು ಬಂದಿದ್ದಳು. ಆದರೆ ಬತೂಲ್ ಖಾನುಮ್ ಒಬ್ಬಳೇ ಸಿಗುವ ಹೊತ್ತು ಬರಲೇ ಇಲ್ಲ.

ಹಬೀಬ ಕೋಣೆಯ ಹೊಸ್ತಿಲಿಗೆ ಬಂದು, ಕಣ್ಣು ನೆಲಕ್ಕೆ ಹಾಕಿ ನಿಂತ. "ಅಮ್ಮಾ, ಒಂದು ಮಾತು."

"ಹೇಳು ಮಗಾ."

"ಇನ್ನರ್ಧ ಗಂಟೆಗೆ ಮೂರು ಮಸೀದಿಯವರು ಮೆರವಣಿಗೆ ತರ್ತಾರೆ. ಬಟ್ಟೆ ಮೇಲೆ ಅವನ ಹೆಸರು ಬರೆಯೋದಿದೆ. ಜನ ಏನೇನೋ ಅಂತಿದ್ದಾರೆ. ರೇಡಿಯೋದಲ್ಲಿ..." ಅವನ ಕೈ ಜಾಕೀಟಿನ ಭುಜಕ್ಕೆ ಹೋಯಿತು. "ನನ್ನ ಬೆನ್ನ ಮೇಲೇ ಅವನ ಉಸಿರು ನಿಂತದ್ದು. ಅವನನ್ನ ನೋಡಿ ನಗ್ತಾರೆ ಅಂದ್ರೆ ನನಗೆ ಆಗಲ್ಲ. ನೀವು ಹಾಗೆ ಹೇಳಿದ್ರಾ?"

ಅಂಗಳದ ಗಂಡಸರು ಬಾಗಿಲಿನ ಹತ್ತಿರ ಬಂದರು. ಬತೂಲ್ ಖಾನುಮ್ ಆ ಹುಡುಗನ ಜಾಕೀಟನ್ನು ನೋಡಿದಳು. ಭುಜದ ಹತ್ತಿರ ಕಂದುಬಣ್ಣದ ಕಲೆಯಿತ್ತು. ಅದನ್ನೇ ನೋಡುತ್ತಾ ಕೂತಳು.

"ನಾನ್ಯಾಕೆ ಹೇಳ್ಲಿ?" ಎಂದಳು ಕೊನೆಗೆ. "ಫರಂಗಿ ಕಟ್ಟಿದ್ದು. ನನ್ನ ಮಗ ಒಂದು ದಿನ ತಪ್ಪಿಸಿದವನಲ್ಲ. ಬೇಕಾದ್ರೆ ಶಂಸಿನ ಕೇಳು, ಪಕ್ಕದಲ್ಲೇ ಕೂತಿದ್ಲು."

ಎಲ್ಲ ತಲೆಗಳೂ ಅಡುಗೆಮನೆಯ ಬಾಗಿಲಿನತ್ತ ತಿರುಗಿದವು. ಶಂಸಿಯ ಕೈಯಲ್ಲಿ ಚಮಚವಿತ್ತು. ಇಡೀ ಬೀದಿಯಲ್ಲಿ ಆ ಒಂದು ಮಾತು ನಿಜವೆಂದು ಬಲ್ಲವರು ಇಬ್ಬರೇ ಹೆಂಗಸರು, ಇಬ್ಬರೂ ಈ ಮನೆಯಲ್ಲಿದ್ದರು. ಬತೂಲ್ ಖಾನುಮ್‌ಳ ಕಣ್ಣಿನಲ್ಲಿ ಕೋಪವಿರಲಿಲ್ಲ. ಮೊರೆಯಿತ್ತು.

"ಹೌದು" ಎಂದಳು ಶಂಸಿ. "ಆಕೆ ಹಾಗೆ ಹೇಳಲಿಲ್ಲ. ಅವನೇ ಬರೆದುಕೊಂಡಿದ್ದು. ಇಂಥವರು ಬರೀತಾರೆ."

"ನನಗೆ ಗೊತ್ತಿತ್ತು" ಎಂದ ಹಬೀಬ. ಅವನು ಅಂಗಳಕ್ಕೆ ಹೋಗಿ ಬಟ್ಟೆಯನ್ನು ಹರಡಿ ಮಂಡಿಯೂರಿ ಬರೆಯಲು ಕೂತ. 'ಮುಂಜಾನೆಯ ನಮಾಜು ಎಂದೂ ತಪ್ಪಿಸದ' ಎಂದು ಅಕ್ಷರಗಳು ಒಂದೊಂದಾಗಿ ಮೂಡಿದವು. ಮೆರವಣಿಗೆ ಬಂತು, ಬಟ್ಟೆ ಎತ್ತರಕ್ಕೆ ಏರಿತು, ಕೂಗು ಬೀದಿಯ ಗೋಡೆಗಳನ್ನು ತುಂಬಿ ದೂರವಾಯಿತು. ಅದರ ಜೊತೆಗೆ ವಿದೇಶಿ ಕ್ಯಾಮೆರಾ ಹಿಡಿದ ಇಬ್ಬರು ಹಿಮ್ಮುಖವಾಗಿ ಓಡುತ್ತಿದ್ದರು.

ಜನ ಚದುರಿದ ಮೇಲೆ ಶಂಸಿ ಉಳಿದಳು. ಬತೂಲ್ ಖಾನುಮ್ ಚಹಾ ಲೋಟಗಳನ್ನು ತೊಳೆದು ಕೊಡುತ್ತಿದ್ದಳು, ಶಂಸಿ ಒರೆಸಿ ತಟ್ಟೆಯಲ್ಲಿ ಕವುಚಿ ಇಡುತ್ತಿದ್ದಳು. ಹತ್ತು ಹದಿನೈದು ಲೋಟ ಹಾಗೇ ಆದವು.

"ಆ ಸಾಲು ಬರೆದದ್ದು ಫರಂಗಿಯಲ್ಲ" ಎಂದಳು ಶಂಸಿ. "ನಾನು. ಅವನು ಬಿಟ್ಟುಬಿಟ್ಟಿದ್ದ. ನಾನು ಸೇರಿಸಿದೆ."

ಬತೂಲ್ ಖಾನುಮ್ ನಲ್ಲಿ ನಿಲ್ಲಿಸಲಿಲ್ಲ. "ಅವನು ಏನು ಬರೆದಿದ್ದ?"

"ನೀವು ಕಲ್ಲಿನ ಹಾಗೆ ಕೂತಿದ್ರಿ ಅಂತ. ಅಳಲಿಲ್ಲ ಅಂತ. ನಮಗೆ ಸಾಯೋದು ಅಂದ್ರೆ ಇಷ್ಟ ಅಂತ."

"ಹೌದಾ." ಅವಳು ಒಂದು ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ತೊಳೆದಳು. "ನೀನು ಬರೆದದ್ದು ಹೇಳು. ಇದ್ದ ಹಾಗೇ."

ಶಂಸಿ ಹೇಳಿದಳು. ಅವಳಿಗೆ ಅದು ಬಾಯಿಪಾಠವಾಗಿತ್ತು.

"ಹೂಜಿ ಇಲ್ವಲ್ಲ ಇದರಲ್ಲಿ."

"ಹೂಜಿ ಅವರು ಸೇರಿಸಿದ್ದು, ಅಲ್ಲಿಯವರು."

"ನೋಡು ಮತ್ತೆ. ಹೂಜಿ ನೀರು ಯಾಕೆ ಸುರೀಲಿ ನಾನು? ಹಾಸಿಗೆ ಒಣಗಿಸೋರು ಯಾರು?" ಎಂದಳು ಬತೂಲ್ ಖಾನುಮ್. ನಗು ಬಂತು, ಮೂಗಿನಲ್ಲೇ ಒಡೆಯಿತು. ಒದ್ದೆ ಕೈಯ ಹಿಂಭಾಗದಿಂದ ಮುಖ ಒರೆಸಿಕೊಂಡಳು. "ಎಷ್ಟು ಜನ ಓದಿರ್ತಾರೆ ಅದನ್ನ, ಅಲ್ಲಿ?"

"ಲಕ್ಷಗಟ್ಟಲೆ. ಇನ್ನೂ ಜಾಸ್ತಿ."

"ಅಷ್ಟು ಜನಕ್ಕೆ ಗೊತ್ತು ಹಾಗಾದ್ರೆ, ಅವನಿಗೆ ನಿದ್ದೆ ಅಂದ್ರೆ ಎಷ್ಟು ಇಷ್ಟ ಅಂತ." ಅವಳು ಇನ್ನೊಂದು ಲೋಟವನ್ನು ನೀರಿಗೆ ಹಿಡಿದಳು. "ಇರಲಿ ಬಿಡು. ಅಲ್ಲಾದ್ರೂ ಗೊತ್ತಿರ್ಲಿ. ಇಲ್ಲಿ ಇನ್ನು ಆ ಮಾತು ಎತ್ತಬಾರದು, ನಾನೂ, ನೀನೂ."

"ಇಲ್ಲ" ಎಂದಳು ಶಂಸಿ.

"ಆ ಲೋಟ ಸರಿಯಾಗಿ ಒರೆಸಿಲ್ಲ ನೋಡು. ಕಲೆ ಇದೆ."

ಮರುದಿನ ಬೆಳಿಗ್ಗೆ ಸೀಮೆಎಣ್ಣೆಯ ಗಾಡಿ ಬಂತು. ಹನ್ನೆರಡು ದಿನದ ಮೇಲೆ ಬಂದದ್ದು. ಬೀದಿಯ ಹೆಂಗಸರೆಲ್ಲ ಡಬ್ಬ ಹಿಡಿದು ಓಡಿ ಬಂದು, ತಳ್ಳಾಡಿ, ಬೈದಾಡಿ, ಕೊನೆಗೆ ಗೋಡೆಗುಂಟ ಸಾಲಾಗಿ ನಿಂತರು. ರಾತ್ರಿ ಬಿದ್ದ ಹಿಮ ಕಾಲಡಿಯಲ್ಲಿ ಕೆಸರಾಗಿತ್ತು. ಬತೂಲ್ ಖಾನುಮ್ ಮನೆಯಿಂದ ಹೊರಬಂದಾಗ ಯಾರೋ, "ಶಹೀದನ ತಾಯಿ ಬಂದ್ರು, ದಾರಿ ಬಿಡಿ" ಎಂದರು. ಸಾಲು ಇದ್ದಕ್ಕಿದ್ದಂತೆ ಎರಡಾಗಿ ಸರಿಯಿತು. ರೊಟ್ಟಿ ಒಲೆಯ ಹತ್ತಿರ ಹೆತ್ತವಳಿಗೆ ಬುದ್ಧಿ ಬೇಡ್ವಾ ಎಂದಿದ್ದ ಹೆಂಗಸೇ ಅವಳ ಡಬ್ಬ ತೆಗೆದುಕೊಳ್ಳಲು ಕೈಚಾಚಿದಳು. ಗಾಡಿಯವನು ಲಾಳಿಕೆ ಎತ್ತಿ ಹಿಡಿದು ಕಾದ.

ಬತೂಲ್ ಖಾನುಮ್ ಆ ದಾರಿಯನ್ನು ನೋಡಿದಳು. ಹೂವಿನ ಚಾದರದ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಡಬ್ಬವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, ಗೋಡೆಯ ಪಕ್ಕದಲ್ಲೇ ನಡೆಯುತ್ತಾ ಸಾಲಿನ ತುದಿಗೆ ಹೋಗಿ ನಿಂತಳು. ಅವಳ ಹಿಂದೆ ಶಂಸಿ ನಿಂತಳು. ಮುಂದಿನವರು ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಬಿಟ್ಟ ದಾರಿಯನ್ನು ಬಿಟ್ಟುಕೊಂಡೇ ಇದ್ದರು. ಆಮೇಲೆ ಒಬ್ಬಳು ಮುಂದೆ ಸರಿದಳು, ಇನ್ನೊಬ್ಬಳು ಸರಿದಳು, ಡಬ್ಬಗಳು ಒಂದಕ್ಕೊಂದು ತಾಗಿ ಸದ್ದಾದವು, ಸಾಲು ನಿಧಾನವಾಗಿ ಮುಂದಕ್ಕೆ ಚಲಿಸಿತು.